ಗ್ರಾಫಿಕ್ಸ್ ಕಾರ್ಡಿಗೂ ಥಂಡಿ

ಫ್ಯಾನ್ ತಿರುಗುತ್ತದೆ. ಕೆಂಪು, ನೀಲಿ ದೀಪ ಹೊಳೆಯುತ್ತದೆ. ಮಾನಿಟರ್ ಮೇಲೆ ಮಾತ್ರ 'ನೋ ಸಿಗ್ನಲ್' ಅಂತ ತೇಲಾಡುತ್ತಿದೆ. ಅಣ್ಣನ ಮಗ ಬೆಂಗಳೂರಿನಿಂದ, ಗೇಮಿನ ಚಿತ್ರ ಮೂಡಿಸುವ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಂದು ಮನೆಯ ಹಳೇ ಡೆಸ್ಕ್‌ಟಾಪಿಗೆ ಹಾಕಿದ್ದ.

ಕೊಡಗಿನಲ್ಲಿ ಜೂನ್ ದಾಟಿದ ಮೇಲೆ ಏನು ಕೆಟ್ಟರೂ ಕಾರಣ ಒಂದೇ, ಥಂಡಿ. ಬೆಂಕಿಕಡ್ಡಿ ಹೊತ್ತದಿದ್ದರೆ ಥಂಡಿ, ಬಾಗಿಲು ಉಬ್ಬಿಕೊಂಡರೆ ಥಂಡಿ, ದೊಡ್ಡಪ್ಪನ ಮೊಣಕಾಲೂ ಥಂಡಿ. ಬೆಲ್ಟಿಗೆ, ಚಪ್ಪಲಿಗೆ, ಮದುವೆ ಆಲ್ಬಮ್ಮಿಗೆಲ್ಲ ಬೂಷ್ಟು ಹಿಡಿಯುವ ಊರಲ್ಲಿ ಈ ವಾದವನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇಲ್ಲ.

"ಒಲೆ ಮೇಲೆ ಇಡು, ಸಂಜೆಗೆ ಸರಿಯಾಗ್ತದೆ" ಅಂದರು ಅಮ್ಮ. ಅಲ್ಲಿ ಆಗಲೇ ಒಣಮೀನು, ಮಕ್ಕಳ ಸಾಕ್ಸು ನೇತಾಡುತ್ತಿದ್ದವು.

"ಅಜ್ಜಿ, ಅದು ಕರಗಿ ಹೋಗ್ತದೆ!"

"ಕರಗುವಂಥದ್ದನ್ನು ಯಾಕೆ ತಂದೆ?"

ಹುಡುಗ ಕಾರ್ಡ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ತಂಗಿಯ ರಬ್ಬರಿನಿಂದ ಉಜ್ಜಿದ. ಮತ್ತೆ ಕೂರಿಸಿದ. ನೋ ಸಿಗ್ನಲ್. ಕೊನೆಗೆ ಕಸ ಗುಡಿಸಲು ಬಂದ ಅತ್ತಿಗೆ ಹಿಂದೆ ಬಗ್ಗಿ, "ಹೊಸದರ ತೂತು ಖಾಲಿ ಉಂಟಲ್ಲಾ?" ಅಂದರು. ಮಾನಿಟರಿನ ಕೇಬಲ್ ಇನ್ನೂ ಮದರ್‌ಬೋರ್ಡಿನಲ್ಲೇ ಇತ್ತು. ಬೇರೆ ಕಾರ್ಡ್ ಹಾಕಿದರೆ ಎಷ್ಟೋ ಕಂಪ್ಯೂಟರುಗಳಲ್ಲಿ ಆ ಹಳೇ ಪೋರ್ಟ್ ತಾನಾಗಿ ಬಾಯಿ ಮುಚ್ಚುತ್ತದೆ. ಕೇಬಲ್ ಬದಲಾಯಿಸಿದರು, ಚಿತ್ರ ಬಂತು.

ಗೇಮ್ ಶುರು ಮಾಡಿದ ತಕ್ಷಣ ಇಡೀ ಯಂತ್ರವೇ ಆಫ್. ಮತ್ತೆ ಮತ್ತೆ ಹಾಗೇ. "ಥಂಡಿ" ಅಂದರು ದೊಡ್ಡಪ್ಪ, ಈ ಸಲ ಗೆದ್ದ ದನಿಯಲ್ಲಿ.

ಸಿಪಿಯು ಡಬ್ಬವನ್ನು ಟಾರ್ಪಾಲಿನಲ್ಲಿ ಸುತ್ತಿ ಜೀಪಿಗೆ ಹಾಕಿ ಕುಶಾಲನಗರಕ್ಕೆ ಹೊರಟೆವು. ದೊಡ್ಡಪ್ಪ ಕರೆಯದೇ ಹತ್ತಿದರು. ಸುಂಟಿಕೊಪ್ಪ ದಾಟುತ್ತಿದ್ದಂತೆ ಮಳೆ ತೆಳುವಾಯಿತು, ಕುಶಾಲನಗರದಲ್ಲಿ ರಸ್ತೆಯೇ ಒಣಗಿತ್ತು. "ಇಲ್ಲಿ ಆನ್ ಮಾಡಿ ನೋಡು, ಓಡ್ತದೆ" ಅಂದರು. ವಿಜ್ಞಾನದ ಪರೀಕ್ಷೆ ಅಂದರೆ ಇದೇ ಅಲ್ವಾ? ಅಂಗಡಿಯಲ್ಲಿ ಆನ್ ಮಾಡಿದೆವು, ಗೇಮ್ ಹಾಕಿದೆವು. ಆಫ್. ದೊಡ್ಡಪ್ಪ ಮೀಸೆ ತಿರುವುತ್ತಾ ಟೀ ಕುಡಿಯಲು ಹೋದರು.

ಅಂಗಡಿಯ ಹುಡುಗ ಕಾರ್ಡ್ ಕಡೆ ನೋಡಲೇ ಇಲ್ಲ. ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆಯನ್ನು ಬಿಚ್ಚಿ, ಧೂಳು ಒರೆಸಿ, ಅದರ ಮೇಲಿನ ಚೀಟಿ ತೋರಿಸಿದ. ದಪ್ಪ ಅಕ್ಷರದಲ್ಲಿ 450 ವಾಟ್. ಕೆಳಗೆ ಇರುವೆ ಗಾತ್ರದಲ್ಲಿ 12 ವೋಲ್ಟ್, 18 ಆಂಪಿಯರ್. ಗುಣಿಸಿದರೆ 216 ವಾಟ್, ಕಾರ್ಡ್ ಬಹುಪಾಲು ಎಳೆಯುವುದು ಈ 12 ವೋಲ್ಟಿನಿಂದಲೇ. ಕಾರ್ಡಿಗೆ ಅದನ್ನು ಕೂರಿಸಿದ ಸ್ಲಾಟ್‌ನಿಂದ 75, ಎಂಟು ಪಿನ್ನಿನ ವೈರಿನಿಂದ 150, ಒಟ್ಟು 225 ವಾಟ್‌ವರೆಗೆ ಎಳೆಯುವ ಹಕ್ಕುಂಟು. ಪ್ರೊಸೆಸರಿನ ಪಾಲು ಬೇರೆ. ಸುಮ್ಮನೆ ಕೂತಾಗ ಕಾರ್ಡ್ ಸ್ವಲ್ಪವೇ ತಿನ್ನುತ್ತದೆ, ಗೇಮ್ ಹಾಕಿದರೆ ಮದುವೆಮನೆಗೆ ಬಂದ ನೆಂಟನ ಹಾಗೆ. ಅದೂ ಅಲ್ಲದೆ ಎಂಟು ಪಿನ್ನಿನ ವೈರೇ ಇಲ್ಲದ ಎಸ್‌ಎಂಪಿಎಸ್ ಅದು. ಯಾರೋ ಹಳೇ ನಾಲ್ಕು ಪಿನ್ನಿನ ವೈರುಗಳಿಗೆ ಜೋಡಿಸುವ ಕನೆಕ್ಟರ್ ಕಾರ್ಡಿನ ಜೊತೆಗೇ ಕೊಟ್ಟಿದ್ದರಂತೆ. ಮುಟ್ಟಿದರೆ ಬಿಸಿ. ಹುಡುಗ ಅದನ್ನು ಕಸದ ಬುಟ್ಟಿಗೆ ಎಸೆದ.

ಹೊಸ ಎಸ್‌ಎಂಪಿಎಸ್ ಕಾರ್ಡಿಗಿಂತ ಜಾಸ್ತಿ ತೂಕವಿತ್ತು, ಬೆಲೆಯೂ ಕಮ್ಮಿಯೇನಲ್ಲ. ರಾತ್ರಿ ಗೇಮ್ ನಿಲ್ಲದೆ ಓಡಿತು. ಹುಡುಗ ಎಲ್ಲರನ್ನೂ ಕೂಗಿ ಕರೆದ. ಸ್ಕ್ರೀನಿನ ತುಂಬ ಧೋ ಅಂತ ಮಳೆ. ರಸ್ತೆಯ ಕೆಸರಲ್ಲಿ ಒಂದೊಂದು ಹನಿಯೂ ಬೇರೆ ಬೇರೆ ಕಾಣುತ್ತಿತ್ತು.

ಅಮ್ಮ ಸ್ವಲ್ಪ ಹೊತ್ತು ನೋಡಿದರು. "ಇದನ್ನು ನೋಡ್ಲಿಕ್ಕೆ ಇಷ್ಟು ದುಡ್ಡಾ? ಜಗುಲಿಗೆ ಹೋಗು ಮಾರಾಯ, ಹಾಗೇ ವಾಪಸ್ ಬರುವಾಗ ಸೌದೆ ತಾ."