ಮನೆಯಲ್ಲೇ ಹಳೇ ಪೆಟ್ರೋಲ್ ಬಂಕ್ ಕಟ್ಟೋ ಅಮೆರಿಕದೋರು, ಗುಜರಿಗೆ ಹಾಕೋ ನಾವು

ಮನೆ ಹಿಂದೆ 40 ಅಡಿ ಅಗಲ 60 ಅಡಿ ಉದ್ದದ ಗ್ಯಾರೇಜ್ ಕಟ್ಟಿಸಿ, ಅದನ್ನ 1930ರ ಕಾಲದ ಪೆಟ್ರೋಲ್ ಬಂಕ್ ಥರ ಅಲಂಕಾರ ಮಾಡಿ, ಬಾಗಿಲ ಪಕ್ಕ ಗಾಜಿನ ತಲೆ ಇರೋ ಹಳೇ ಪಂಪ್ ನಿಲ್ಲಿಸಿ, ಗೋಡೆ ತುಂಬ ಆಯಿಲ್ ಕಂಪನಿ ಬೋರ್ಡು ಹಾಕ್ಕೊಳ್ಳೋ ಜನರ ವಿಷಯ ಊರಲ್ಲಿ ಹೇಳಿದ್ರೆ ಮೊದಲು ಬರೋ ಮಾತು "ಅಷ್ಟು ದುಡ್ಡಲ್ಲಿ ಇಲ್ಲೊಂದು ಸೈಟ್ ಬರ್ತಿತ್ತಲ್ಲ" ಅಂತ. ನಂಗೆ ಆ ಮಾತು ಸರಿ ಅನಿಸಲ್ಲ. ನಾನಿರೋದು ಇಲಿನಾಯ್ ರಾಜ್ಯದ ಮಧ್ಯಭಾಗದಲ್ಲಿ, ರೂಟ್ 66 ಅನ್ನೋ ಹಳೇ ಹೆದ್ದಾರಿಗೆ ಹತ್ರ. ನಮ್ಮ ಪಕ್ಕದ ಮನೆಯೋರು ರಿಟೈರ್ ಆದ ಮೇಲೆ ಇಂಥದ್ದೊಂದು ಗ್ಯಾರೇಜ್ ಕಟ್ಟಿದ್ರು, ಪಾಯ ತೋಡಿದಾಗಿಂದ ನಿಯಾನ್ ಲೈಟ್ ಹತ್ತೋವರೆಗೂ ನಾನು ಜೊತೇಲಿದ್ದೆ, ಕೈಲಾದಷ್ಟು ಕೆಲಸಾನೂ ಮಾಡ್ದೆ. ಅದನ್ನ ನೋಡ್ತಾ ನೋಡ್ತಾ ನಮ್ಮ ಕಡೆ ಮತ್ತು ಈ ಕಡೆ ಬಗ್ಗೆ ನಂಗನ್ಸಿದ್ದನ್ನ ಇಲ್ಲಿ ಬರೀತಿದೀನಿ.

ಈ ಹುಚ್ಚು ಇಲ್ಲೇ ಯಾಕೆ ಇಷ್ಟು ಜಾಸ್ತಿ ಅಂದ್ರೆ ರಸ್ತೆ ಕಥೆಯಿಂದ ಶುರು ಮಾಡ್ಬೇಕು. ರೂಟ್ 66 ಆಗಿದ್ದು 1926ರಲ್ಲಿ, ಶಿಕಾಗೋದಿಂದ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್‌ವರೆಗೆ, ಆಮೇಲೆ ಸಾಂಟಾ ಮೋನಿಕಾವರೆಗೂ ಹೋಯ್ತು, ಅದರ ದಾರಿ ಉದ್ದಕ್ಕೂ ಪ್ರತಿ ಸಣ್ಣ ಊರಲ್ಲೂ ಒಂದೆರಡು ಬಂಕು, ಒಂದು ಹೋಟ್ಲು. 1956ರ ಹೆದ್ದಾರಿ ಕಾಯ್ದೆ ಬಂದು ಇಂಟರ್‌ಸ್ಟೇಟ್ ಅನ್ನೋ ದೊಡ್ಡ ಹೆದ್ದಾರಿಗಳು ಊರುಗಳನ್ನ ಬಿಟ್ಟು ಪಕ್ಕದಲ್ಲಿ ಹಾದು ಹೋದ್ವು, ಆಮೇಲೆ 1973ರ ತೈಲ ಬಿಕ್ಕಟ್ಟು, ಆಮೇಲೆ ಸೆಲ್ಫ್ ಸರ್ವಿಸ್ (ಗಿರಾಕಿ ತಾನೇ ಪೆಟ್ರೋಲ್ ಹಾಕ್ಕೊಳ್ಳೋದು), 1985ಕ್ಕೆ ರೂಟ್ 66 ಅನ್ನೋ ಹೆಸರೇ ಅಧಿಕೃತ ಪಟ್ಟಿಯಿಂದ ಹೋಯ್ತು. ಇದರ ಮೇಲೆ 1988ರಲ್ಲಿ ನೆಲದಡಿ ಟ್ಯಾಂಕ್‌ಗಳ ಬಗ್ಗೆ ಕೇಂದ್ರ ಸರ್ಕಾರದ ಹೊಸ ನಿಯಮ ಬಂತು, 1998ರ ಡಿಸೆಂಬರ್ ಒಳಗೆ ಸೋರಿಕೆ ಆಗದ ಹಾಗೆ ಟ್ಯಾಂಕ್ ಸರಿ ಮಾಡಿಸ್ಬೇಕು ಇಲ್ಲಾ ಮುಚ್ಬೇಕು. ಗಂಡ ಹೆಂಡ್ತಿ ಸೇರಿ ನಡೆಸ್ತಿದ್ದ ಸಣ್ಣ ಬಂಕುಗಳಿಗೆ ಅಷ್ಟು ಖರ್ಚು ಎಲ್ಲಿಂದ ಬರ್ಬೇಕು, ಎಷ್ಟೋ ಬಂಕು ಮುಚ್ಚಿದ್ವು. ಅಲ್ಲಿದ್ದ ಪಂಪು, ಬೋರ್ಡು, ಆಯಿಲ್ ಕ್ಯಾನು ಎಲ್ಲ ರೈತರ ಕೊಟ್ಟಿಗೆ ಸೇರಿದ್ವು, ಅಲ್ಲಿಂದ ಹರಾಜಿಗೆ, ಹರಾಜಿಂದ ಈ ಗ್ಯಾರೇಜ್‌ಗಳಿಗೆ. ನಮ್ಮ ಹತ್ರ ಓಡೆಲ್ ಅನ್ನೋ ಊರಲ್ಲಿ 1932ರ ಸ್ಟ್ಯಾಂಡರ್ಡ್ ಆಯಿಲ್ ಬಂಕು, ಡ್ವೈಟ್‌ನಲ್ಲಿ 1933ರ ಆಂಬ್ಲರ್ಸ್ ಟೆಕ್ಸಾಕೋ ಬಂಕು ಎರಡನ್ನೂ ರಿಪೇರಿ ಮಾಡಿ ಜನ ನೋಡೋ ಹಾಗೆ ಇಟ್ಟಿದಾರೆ, ನೋಡಿದ್ರೆ ಬಂಕ್ ಅನ್ನೋಕಿಂತ ಹೆಂಚಿನ ಮನೆ ಥರ ಇವೆ. ಈ ಕಡೆ ಬರೋರಿದ್ರೆ ಅರ್ಧ ದಿನ ಇಟ್ಕೊಂಡು ಎರಡೂ ನೋಡಿ.

ಆ ಹಳೇ ಪಂಪ್ ಬಗ್ಗೆ ಸ್ವಲ್ಪ ಹೇಳ್ಲೇಬೇಕು. 'ವಿಸಿಬಲ್ ಪಂಪ್' ಅಂತಾರೆ, 1920ರ ದಶಕದಲ್ಲಿ ಎಲ್ಲಾ ಕಡೆ ಇದ್ದಿದ್ದು. ಎತ್ತರದ ಕಬ್ಬಿಣದ ಕಂಬ, ಅದರ ಮೇಲೆ ಸಾಮಾನ್ಯವಾಗಿ 10 ಗ್ಯಾಲನ್ ಹಿಡಿಯೋ ಗಾಜಿನ ಸಿಲಿಂಡರು ಅಂದ್ರೆ ಸುಮಾರು 38 ಲೀಟರ್, ಅದರ ಮೇಲೆ ಕಂಪನಿ ಗುರುತಿನ ಗ್ಲೋಬು. ಬಂಕಿನವನು ಪಕ್ಕದ ಉದ್ದ ಲಿವರ್ ಎಳೆದೆಳೆದು ನೆಲದಡಿ ಟ್ಯಾಂಕಿನ ಪೆಟ್ರೋಲನ್ನ ಗಾಜಿನೊಳಗೆ ಏರಿಸ್ತಿದ್ದ, ಗಾಜಿನಲ್ಲಿ ಗ್ಯಾಲನ್ ಗುರುತು ಇರ್ತಿತ್ತು, ಗಿರಾಕಿ ಕಣ್ಣಾರೆ ನೋಡಿ ಸರಿ ಅಂದ್ಮೇಲೆ ಪೈಪ್ ಬಿಟ್ರೆ ತಾನಾಗೇ ಇಳಿದು ಕಾರಿನ ಟ್ಯಾಂಕಿಗೆ ಹೋಗ್ತಿತ್ತು. ಅದಕ್ಕೂ ಮೊದಲಿನ ಪಂಪ್‌ಗಳಲ್ಲಿ ಎಷ್ಟು ಬಂತು ಏನು ಬಂತು ಅಂತ ಕಾಣ್ತಿರ್ಲಿಲ್ಲ, ಜನಕ್ಕೆ ನಂಬಿಕೆ ಇರ್ಲಿಲ್ಲ, ಆ ನಂಬಿಕೆಗೋಸ್ಕರವೇ ಈ ಗಾಜು ಬಂತು. ಪೆಟ್ರೋಲಿಗೆ ಕೆಂಪು ನೀಲಿ ಬಣ್ಣಾನೂ ಹಾಕ್ತಿದ್ರು ಕಂಪನಿಗಳು, ಗಾಜಲ್ಲಿ ಚೆನ್ನಾಗಿ ಕಾಣ್ಲಿ ಅಂತ, ಬೇರೆಯೋರ ಮಾಲಲ್ಲ ಅಂತ ಗೊತ್ತಾಗ್ಲಿ ಅಂತ. ಪಕ್ಕದ ಮನೆಯೋರ ಹತ್ರ ಅಂಥದ್ದೊಂದಿದೆ, ಲಿವರ್ ಎಳೆದ್ರೆ ಇವತ್ತಿಗೂ ಬಣ್ಣದ ನೀರು ಏರತ್ತೆ (ಪೆಟ್ರೋಲ್ ಮಾತ್ರ ಯಾವತ್ತೂ ಹಾಕ್ಬಾರ್ದು, ಮುಚ್ಚಿದ ಜಾಗದಲ್ಲಿ ಅದು ಬಾಂಬು).

ಕಟ್ಟೋ ವಿಷಯಕ್ಕೆ ಬಂದ್ರೆ, ಅಲಂಕಾರಕ್ಕಿಂತ ಮೊದಲು ನೆಲ ಮತ್ತು ಎತ್ತರ. ಇದನ್ನ ನಾನು ಎಷ್ಟು ಒತ್ತಿ ಹೇಳಿದ್ರೂ ಕಮ್ಮಿ. ವಿಸಿಬಲ್ ಪಂಪ್ ಗ್ಲೋಬ್ ಸೇರಿ ಸುಮಾರು 10 ಅಡಿ ಇರತ್ತೆ, ಕಾರ್ ಎತ್ತೋ ಎರಡು ಕಂಬದ ಲಿಫ್ಟ್ ಹಾಕಿದ್ರೆ ಸೀಲಿಂಗ್ 12 ಅಡಿ ಬೇಕೇಬೇಕು, ಮಾಮೂಲಿ ಮನೆ ಗ್ಯಾರೇಜ್ ಎತ್ತರ ಇದಕ್ಕೆ ಸಾಲಲ್ಲ. ಲಿಫ್ಟ್ ಕಂಪನಿಗಳು ಕಮ್ಮಿ ಅಂದ್ರೆ 4 ಇಂಚು ದಪ್ಪ 3000 ಪಿಎಸ್‌ಐ (ಒಂದು ಚದರ ಇಂಚಿಗೆ ಅಷ್ಟು ಪೌಂಡ್ ಒತ್ತಡ ತಡೆಯೋ) ಕಾಂಕ್ರೀಟ್ ಕೇಳ್ತಾರೆ, ತಿಳಿದೋರು ಕಂಬ ನಿಲ್ಲೋ ಜಾಗದಲ್ಲಿ 6 ಇಂಚು ಹಾಕಿಸ್ತಾರೆ, 28 ದಿನ ಕ್ಯೂರ್ ಆಗಿ ಗಟ್ಟಿಯಾಗೋವರೆಗೂ ಬೋಲ್ಟ್ ಹೊಡೆಯಲ್ಲ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬೋದ್ರಿಂದ ಇಲ್ಲಿ ಪಾಯ 3 ಅಡಿಗಿಂತ ಕೆಳಗೆ ಹೋಗ್ಬೇಕು, ನೆಲದ ಕಾಂಕ್ರೀಟ್ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕ್ಬೇಕು, ಅದನ್ನ ಬಿಟ್ರೆ ಆಮೇಲೆ ಮೇಲೆ ಬಳಿಯೋ ಎಪಾಕ್ಸಿ ಲೇಪ ನೆಲದ ತೇವಕ್ಕೆ ಕಿತ್ತು ಬರತ್ತೆ. ಕಂಪ್ರೆಸರ್, ಲಿಫ್ಟು, ವೆಲ್ಡಿಂಗ್ ಎಲ್ಲಕ್ಕೂ ಇಲ್ಲಿಯ ಮಾಮೂಲಿ ಪ್ಲಗ್ ಸಾಲಲ್ಲ, ಬೇರೆ 240 ವೋಲ್ಟ್ ಲೈನ್ ಬೇಕು, ಅದರ ಪೈಪು ಕಾಂಕ್ರೀಟ್ ಹಾಕೋಕೆ ಮುಂಚೆನೇ ನೆಲದಲ್ಲಿರ್ಬೇಕು. ಪರ್ಮಿಟ್ಟು, ಪಕ್ಕದ ಸೈಟಿಂದ ಎಷ್ಟು ದೂರ, ಇದೆಲ್ಲ ಊರಿಂದೂರಿಗೆ ಬೇರೆ. ಮನೆ ಮಾಲೀಕರ ಸಂಘ ಇರೋ ಬಡಾವಣೆ ಆದ್ರೆ ಹೊರಗೆ ನಿಯಾನ್ ಹಾಕೋಕೆ ಬಿಡೋದೇ ಇಲ್ಲ ಅನ್ಕೊಳ್ಳಿ.

ಅಲಂಕಾರದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಕ್ಕು. ಅಂಗಡೀಲಿ ಸಿಗೋ ತಗಡಿನ ನಕಲಿ ಬೋರ್ಡು, ಬೇಕಂತಲೇ ತುಕ್ಕಿನ ಬಣ್ಣ ಹೊಡೆದಿರ್ತಾರಲ್ಲ, ಅಂಥವನ್ನ ಐವತ್ತು ತಗುಲಿಹಾಕೋದಕ್ಕಿಂತ ಒಂದೇ ಒಂದು ಅಸಲಿ ಪೋರ್ಸಲೇನ್ ಎನಾಮಲ್ ಬೋರ್ಡ್ ಇದ್ರೆ ಸಾಕು. ಅಸಲಿದು ಹೇಗಾಗಿರತ್ತೆ ಅಂದ್ರೆ ಉಕ್ಕಿನ ಹಾಳೆ ಮೇಲೆ ಗಾಜಿನ ಪುಡಿ ಹಾಕಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಕುಲುಮೇಲಿ ಸುಟ್ಟಿರ್ತಾರೆ, ಒಂದೊಂದು ಬಣ್ಣಕ್ಕೂ ಒಂದೊಂದು ಸಲ, ಅದಕ್ಕೇ ಬೆರಳಲ್ಲಿ ಸವರಿದ್ರೆ ಬಣ್ಣ ಸೇರೋ ಕಡೆ ಸಣ್ಣ ಏಣು ತಾಗತ್ತೆ, ಎಂಬತ್ತು ತೊಂಬತ್ತು ವರ್ಷ ಬಿಸಿಲು ಮಳೇಲಿದ್ರೂ ಬಣ್ಣ ಮಾಸಿರಲ್ಲ. ಮೊಬಿಲ್‌ನ ಕೆಂಪು ರೆಕ್ಕೆ ಕುದುರೆ, ಸಿಂಕ್ಲೇರ್‌ನ ಹಸಿರು ಡೈನೋಸಾರು, ಟೆಕ್ಸಾಕೋ ನಕ್ಷತ್ರ, ಶೆಲ್ ಚಿಪ್ಪು, ಇವೆಲ್ಲ ಒಟ್ಟಿಗೆ ಹಾಕಿದ್ರೆ ಸಂತೆ ಥರ ಆಗತ್ತೆ. ಒಂದು ಕಂಪನಿ ಒಂದು ಕಾಲ ಅಂತ ಹಿಡ್ಕೊಂಡ್ರೆ ಚೆಂದ. ನಮ್ಮ ಪಕ್ಕದೋರು ಟೆಕ್ಸಾಕೋ ಹಿಡ್ಕೊಂಡ್ರು, 1937ರ ಆಸುಪಾಸು ವಾಲ್ಟರ್ ಡೋರ್ವಿನ್ ಟೀಗ್ ಅನ್ನೋ ಡಿಸೈನರ್ ಮಾಡಿಕೊಟ್ಟ ಬಿಳಿ ಎನಾಮಲ್ ಗೋಡೆ, ಅದರ ಸುತ್ತ ಹಸಿರು ಪಟ್ಟಿ, ಕೆಂಪು ನಕ್ಷತ್ರ, ಅದೇ ಅಳತೆ ನೋಡಿ ಒಳಗಿನ ಗೋಡೆ ಮಾಡಿದಾರೆ, ಕೆಳಗೆ ಕಪ್ಪು ಬಿಳಿ ಚೌಕದ ನೆಲ, ಮೇಲೆ ಬಾಗಿದ ಕತ್ತಿನ ದೀಪ. ಹಳೇ ಪಂಪಿನ ಬಣ್ಣದಲ್ಲಿ ಸೀಸ ಇರತ್ತೆ, ಉಜ್ಜುವಾಗ ಮಕ್ಕಳನ್ನ ಹತ್ರ ಬಿಡ್ಬೇಡಿ. ನಿಯಾನ್ ಟ್ರಾನ್ಸ್‌ಫಾರ್ಮರ್ 15,000 ವೋಲ್ಟ್‌ವರೆಗೂ ಹೋಗತ್ತೆ, ಅದು ಗೊತ್ತಿರೋರ ಕೆಲಸ.

ಬಾಗಿಲ ಮುಂದೆ ನೆಲದ ಮೇಲೆ ಒಂದು ರಬ್ಬರ್ ಕೊಳವೆ ಹಾಕಿರ್ತಾರೆ, ಕಾರಿನ ಚಕ್ರ ಅದರ ಮೇಲೆ ಹತ್ತಿದ ತಕ್ಷಣ ಒಳಗೆ ಟಿಣ್ ಅಂತ ಗಂಟೆ ಹೊಡೆಯತ್ತೆ. ಹಳೇ ಕಾಲದಲ್ಲಿ ಆ ಗಂಟೆ ಕೇಳಿ ಬಂಕಿನವನು ಓಡಿ ಬಂದು ಪೆಟ್ರೋಲ್ ಹಾಕಿ, ಗಾಜು ಒರೆಸಿ, ಆಯಿಲ್ ನೋಡಿ, ಟಯರ್‌ಗೆ ಗಾಳಿ ಹಿಡಿಯೋನು. ಗ್ಯಾರೇಜಲ್ಲಿ ಇರೋದ್ರಲ್ಲಿ ನಂಗೆ ತುಂಬ ಹಿಡಿಸಿದ್ದು ಈ ಗಂಟೆ, ಅದೇ ಹೊತ್ತಿಗೆ ಮನಸ್ಸಿಗೆ ಚುಚ್ಚಿದ್ದೂ ಇದೇ, ಯಾಕಂದ್ರೆ ಗಂಟೆ ಇದೆ, ಓಡಿ ಬರೋ ಮನುಷ್ಯ ಇಲ್ಲ. ನ್ಯೂ ಜೆರ್ಸಿ ರಾಜ್ಯ ಒಂದರಲ್ಲಿ ಇವತ್ತಿಗೂ ಗಿರಾಕಿ ತಾನೇ ಪೆಟ್ರೋಲ್ ಹಾಕ್ಕೊಳ್ಳೋ ಹಾಗಿಲ್ಲ, ಆರೆಗಾನ್ ರಾಜ್ಯ ಕೂಡ 2023ರಲ್ಲಿ ಆ ನಿಯಮ ಬಿಟ್ಟುಕೊಡ್ತು, ಉಳಿದ ಕಡೆ ಮೈನಸ್ ಡಿಗ್ರಿ ಚಳೀಲೂ ಎಪ್ಪತ್ತು ವರ್ಷದ ಅಜ್ಜಿ ತಾನೇ ಇಳಿದು ನಾಜಲ್ ಹಿಡೀಬೇಕು, ಗಾಳಿಗೂ ಸುಮಾರು ಕಡೆ ಮೆಷೀನಿಗೆ ಕಾಸು ಹಾಕ್ಬೇಕು.

ನಮ್ಮ ಕಡೆ ನೋಡಿ. ಅರಸೀಕೆರೆಗೆ ಹೋಗ್ಲಿ ಅಂಕೋಲಕ್ಕೆ ಹೋಗ್ಲಿ, ಬಂಕಿಗೆ ಹೋದ್ರೆ ಒಬ್ರು ನಿಂತಿರ್ತಾರೆ, "ಸಾರ್ ಝೀರೋ ನೋಡ್ಕೊಳ್ಳಿ" ಅಂತಾರೆ. ಆ ಒಂದು ಮಾತು ಮತ್ತು ಇಲ್ಲಿಯ ಆ ಗಾಜಿನ ಸಿಲಿಂಡರು ಎರಡೂ ಒಂದೇ ಕೆಲಸಕ್ಕೆ ಇರೋದು ಅಂತ ನಂಗೆ ಈ ಪಂಪ್ ನೋಡಿದ್ಮೇಲೇ ಹೊಳೀತು. ಅನುಮಾನ ಬಂದ್ರೆ ಮುದ್ರೆ ಹಾಕಿರೋ 5 ಲೀಟರ್ ಅಳತೆ ಪಾತ್ರೆ ತರಿಸಿ ಅಳೆಸೋ ಹಕ್ಕಿದೆ, ಕಲಬೆರಕೆ ನೋಡೋಕೆ ಫಿಲ್ಟರ್ ಪೇಪರ್ ಕೇಳ್ಬಹುದು, ಗಾಳಿ ಫ್ರೀ. ಅಮೆರಿಕದೋರು ದುಡ್ಡು ಸುರಿದು ಗೋಡೆ ಮೇಲೆ ನೆನಪು ಮಾಡ್ಕೊಳ್ಳೋ ಸೇವೆ ನಮ್ಮಲ್ಲಿ ದಿನಾ ಬೆಳಗ್ಗೆ ನಡೀತಿದೆ, ನಮಗೆ ಅದರ ಬೆಲೆ ಗೊತ್ತಿಲ್ಲ. ಆ ಕೆಲಸ ಮಾಡೋ ಹುಡುಗ ಹುಡುಗಿಯರಿಗೆ ದಿನವಿಡೀ ನಿಂತಿರೋ ಬದಲು ಒಂದು ಕುರ್ಚಿ, ಒಳ್ಳೇ ಸಂಬಳ ಕೊಡೋ ಯೋಚನೆ ಬರ್ಬೇಕು ಅಂತ ನನ್ನ ಆಸೆ.

ಆದ್ರೆ ವಸ್ತು ವಿಷಯದಲ್ಲಿ ನಾವು ನಿಜವಾಗ್ಲೂ ಕೈಬಿಟ್ಟಿದೀವಿ. 1974ರಲ್ಲಿ ಎಸ್ಸೋ, 1976ರಲ್ಲಿ ಬರ್ಮಾ ಶೆಲ್ ಮತ್ತು ಕ್ಯಾಲ್ಟೆಕ್ಸ್ ಸರ್ಕಾರದ ಕೈಗೆ ಬಂದು ಹಿಂದೂಸ್ತಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಆದ್ವು, ಬೋರ್ಡುಗಳು ಬದಲಾದ್ವು. ಹಳೇ ಎನಾಮಲ್ ಬೋರ್ಡೆಲ್ಲ ಎಲ್ಲಿಗೆ ಹೋದ್ವು? ದನದ ಕೊಟ್ಟಿಗೆ ಗೋಡೆಗೆ ಮರೆಯಾಗಿ ನಿಂತಿದ್ದನ್ನ ನಾನೇ ನೋಡಿದೀನಿ, ಆ ಕೊಟ್ಟಿಗೆ ಈಗ ಇಲ್ಲ. ಬರ್ಮಾ ಶೆಲ್ ಸೀಮೆಎಣ್ಣೆ ಚೌಕದ ಡಬ್ಬ ನೀರು ಸೇದೋಕೆ, ಗಿಡ ನೆಡೋಕೆ, ಅಕ್ಕಿ ತುಂಬೋಕೆ ಆಗಿ ತುಕ್ಕು ಹಿಡಿದು ಮುಗೀತು. ಸ್ಕೂಟರ್ ಕಾಲದಲ್ಲಿ ಪ್ರತಿ ಬಂಕಲ್ಲೂ 2ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲ್ ಜೊತೆ ಬೆರೆಸೋ ಎಣ್ಣೆ) ಹಾಕೋ ಸಣ್ಣ ಕೈಪಂಪ್ ಇರ್ತಿತ್ತು, ಪೆಟ್ರೋಲ್ ಜೊತೆ ಆಯಿಲ್ ಹಾಕಿಸ್ಕೊಂಡು ಗಾಡೀನ ಆ ಕಡೆ ಈ ಕಡೆ ಅಲ್ಲಾಡಿಸಿ ಮಿಕ್ಸ್ ಮಾಡ್ಕೊಂಡು ಹೋಗ್ತಿದ್ವಿ, ಅದನ್ನೂ ಯಾರೂ ತೆಗೆದಿಟ್ಟಿಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿ 1996ರಲ್ಲಿ ಮುಚ್ಚಿದ ಮೇಲೂ ನಮ್ಮ ಹುಡುಗರು ಜಾವಾ ಯೆಜ್ಡಿ ಗಾಡಿಗಳನ್ನ ಓಡೋ ಸ್ಥಿತೀಲಿ ಇಟ್ಟಿದಾರೆ, ಪ್ರತಿ ಜುಲೈನಲ್ಲಿ ಜಾವಾ ಯೆಜ್ಡಿ ದಿನಕ್ಕೆ ಸಾಲಾಗಿ ತರ್ತಾರೆ, ಅವರ ಬಗ್ಗೆ ನಂಗೆ ತುಂಬ ಗೌರವ. ಆದ್ರೆ ಆ ಗಾಡಿ ಮಾರಿದ ಡೀಲರ್ ಬೋರ್ಡು, ರಿಪೇರಿ ಮಾಡಿದ ಸ್ಪೆಷಲ್ ಟೂಲು, ಪಾರ್ಟ್ಸ್ ಕ್ಯಾಟಲಾಗು, ಗ್ಯಾರೇಜ್ ಗೋಡೆಯ ಕ್ಯಾಲೆಂಡರು, ಇವೂ ಆ ಗಾಡಿಯಷ್ಟೇ ಮುಖ್ಯ ಅಲ್ವಾ?

ನಮ್ಮಲ್ಲಿ ಆಗಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೀಳ್ತಿದ್ದ ಹಳೇ ಮನೆಗಳನ್ನ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ರು, ಹಳೇ ಪೇಟೆ ಬೀದಿಯನ್ನೂ ಅಂಗಡಿ ಸಮೇತ ಕಟ್ಟಿದ್ರು. ಧರ್ಮಸ್ಥಳದಲ್ಲಿ ಹೆಗ್ಗಡೆಯವರು ಹಳೇ ಕಾರುಗಳನ್ನ ಉಳಿಸಿದಾರೆ. 40 ಅಡಿ 60 ಅಡಿ ಅಂದ್ರೆ ಬೆಂಗಳೂರಲ್ಲಿ ಪೂರ್ತಿ ಸೈಟೇ ಹೋಯ್ತು, ಅದು ನಂಗೂ ಗೊತ್ತು. ಆದ್ರೆ ಮಲೆನಾಡಿನ ಅಡಿಕೆ ಮನೆ, ಕಾಫಿ ಎಸ್ಟೇಟಿನ ಹಳೇ ಜೀಪ್ ಶೆಡ್ಡು, ಬಯಲುಸೀಮೆಯ ಟ್ರ್ಯಾಕ್ಟರ್ ಶೆಡ್ಡು ಇವೆಲ್ಲ ಹೇಗೂ ಇವೆ, ಎತ್ತರಾನೂ ಇದೆ. ಮಲೆನಾಡು ಕರಾವಳೀಲಿ ತೇವ ಜಾಸ್ತಿ, ಎನಾಮಲ್ ಚಕ್ಕೆ ಎದ್ದ ಕಡೆಯಿಂದ ತುಕ್ಕು ಒಳಗೆ ಹೋಗತ್ತೆ, ಅಲ್ಲಿಗೆ ತೆಳ್ಳಗೆ ಮೇಣ ಸವರಿ ಗೋಡೆಗೆ ತಾಗದ ಹಾಗೆ ಒಂದಿಂಚು ಬಿಟ್ಟು ತೂಗುಹಾಕಿದ್ರೆ ಸಾಕು. ಮೇಲೆ ಹೊಸ ಪೇಂಟ್ ಮಾತ್ರ ಹೊಡೀಬೇಡಿ, ಅದಕ್ಕಿಂತ ತುಕ್ಕೇ ವಾಸಿ. ಇನ್ನು ಆಯುಧಪೂಜೆ ದಿನ ಸ್ಪ್ಯಾನರ್ ಸೆಟ್ಟು, ಜಾಕು, ಕಂಪ್ರೆಸರ್ ಎಲ್ಲ ತೊಳೆದು ಅರಿಶಿನ ಕುಂಕುಮ ಹಚ್ಚಿ ಚೆಂಡು ಹೂವು ಹಾಕೋ ನಾಡು ನಮ್ಮದು, ಸಲಕರಣೆಗಳಿಗೆ ಮರ್ಯಾದೆ ಕೊಡೋದನ್ನ ಬೇರೆಯೋರಿಂದ ಕಲೀಬೇಕಾಗಿಲ್ಲ. ಪಕ್ಕದ ಮನೆಯೋರ ಗ್ಯಾರೇಜಲ್ಲಿ ಕಳೆದ ಸಲ ನಾವು ಆಯುಧಪೂಜೆ ಮಾಡಿದ್ವಿ, ಲಿಫ್ಟ್ ಕಂಬಕ್ಕೆ ಮಾವಿನ ಸೊಪ್ಪಿನ ಬದಲು ಮೇಪಲ್ ಎಲೆ ಕಟ್ಟಿದ್ವಿ, ಅವರು ವರ್ಷ ಪೂರ್ತಿ ಆ ಕುಂಕುಮ ಒರೆಸಿಲ್ಲ.

ನಂದು ಎರಡು ಕಾರಿನ ಸಣ್ಣ ಗ್ಯಾರೇಜು, ಅದರ ಒಂದು ಗೋಡೆಯನ್ನ ನಮ್ಮ ಊರಿನ ಹಳೇ ಬಂಕಿನ ಥರ ಮಾಡ್ಬೇಕು ಅಂತ ಶುರು ಮಾಡಿದೀನಿ, ಟೆಕ್ಸಾಕೋ ಅಲ್ಲ, ಬರ್ಮಾ ಶೆಲ್ಲು ಮತ್ತು ಎಸ್ಸೋ ಕಾಲದ ಕರ್ನಾಟಕ. ಒಂದು ಡಬ್ಬ ಸಿಕ್ಕಿದೆ, ಯೆಜ್ಡಿ ಟ್ಯಾಂಕ್ ಒಂದು ಮೈಸೂರಿಂದ ಸೂಟ್‌ಕೇಸಲ್ಲಿ ಬಂತು. ಬೇಕಾಗಿರೋದು ಆ 2ಟಿ ಆಯಿಲ್ ಕೈಪಂಪು. ನಿಮ್ಮೂರ ಹಳೇ ಬಂಕಿನ ಹಿಂದೆ, ಗುಜರಿ ಅಂಗಡೀಲಿ, ಯಾರದಾದ್ರೂ ಅಟ್ಟದ ಮೇಲೆ ಕಂಡ್ರೆ ಗುಜರಿಗೆ ಹೋಗೋಕೆ ಬಿಡ್ಬೇಡಿ, ನಂಗೇ ಸಿಗ್ಬೇಕು ಅಂತಿಲ್ಲ, ನೀವೇ ಇಟ್ಕೊಳ್ಳಿ. ಹ್ಯಾಂಡಲ್ ಮುರಿದಿದ್ರೂ ಪರವಾಗಿಲ್ಲ, ಬೆಸುಗೆ ಹಾಕಿಸ್ಬಹುದು, ಒಳಗಿನ ಅಳತೆ ಪಾತ್ರೆ ಮಾತ್ರ ಸರಿಯಾಗಿದ್ಯಾ ನೋಡ್ಕೊಳ್ಳಿ.