ಜಿಲ್ಲೆಗೊಂದು ವಿಶ್ವವಿದ್ಯಾಲಯ ಬೇಕಾ?

2023ರಲ್ಲಿ ಮೈಸೂರು ವಿಶ್ವವಿದ್ಯಾಲಯದ ತೆಕ್ಕೆಯಿಂದ ಹಾಸನ, ಚಾಮರಾಜನಗರ ಬೇರೆಯಾಗಿ ತಮ್ಮದೇ ವಿಶ್ವವಿದ್ಯಾಲಯಗಳಾದವು. ಎರಡೇ ವರ್ಷದಲ್ಲಿ, ಹೊಸ ವಿವಿಗಳನ್ನು ಮುಚ್ಚುವ ಮಾತೂ ಬಂತು.

ಪರ

1916ರವರೆಗೆ ಮೈಸೂರು ಸೀಮೆಯ ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾಲಯದ ಕೆಳಗಿದ್ದವು. ನಮ್ಮ ಮಕ್ಕಳಿಗೆ ನಮ್ಮದೇ ವಿಶ್ವವಿದ್ಯಾಲಯ ಬೇಕು ಅಂತ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಪಟ್ಟು ಹಿಡಿದರು. ಆ ವರ್ಷ ಜುಲೈ 27ಕ್ಕೆ ಮೈಸೂರು ವಿವಿ ಹುಟ್ಟಿತು. ಮುಂದೆ 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು ಇದರಿಂದಲೇ ಬೇರೆ ಒಲೆ ಹೂಡಿದವು. ಅದು ತಪ್ಪು ಅಂತ ಇವತ್ತು ಯಾರೂ ಹೇಳುವುದಿಲ್ಲ. ಚಾಮರಾಜನಗರದ ಸರದಿ ಬಂದಾಗ ಮಾತ್ರ ಯಾಕೆ ತಕರಾರು?

ಚಾಮರಾಜನಗರ ಜಿಲ್ಲೆಯ ಮಾದಪ್ಪನ ಬೆಟ್ಟದ ಕಡೆಯ ಹುಡುಗಿಗೆ ಮೈಸೂರು ಸುಮಾರು 150 ಕಿಲೋಮೀಟರ್. ಒಂದು ಅಂಕಪಟ್ಟಿಯ ಕೆಲಸಕ್ಕೆ ಹೊರಟರೂ ಕೋಳಿ ಕೂಗುವ ಮೊದಲೇ ಬಸ್ಸು ಹಿಡಿಯಬೇಕು. ಜೊತೆಗೆ ಹೋಗುವ ಅಪ್ಪನಿಗೆ ಆ ದಿನದ ಕೂಲಿ ಇಲ್ಲ. ಎಂ.ಎ. ಓದು ಅಂದರೆ ಹಾಸ್ಟೆಲ್ಲು, ಊಟ, ಖರ್ಚು. ಎಷ್ಟೋ ಮನೆಗಳಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ಹತ್ತಿರದಲ್ಲೇ ವಿವಿ ಇದ್ದರೆ ಅವಳು ಓದುತ್ತಾಳೆ. ನನಗೆ ಇಷ್ಟು ಕಾರಣ ಸಾಕು.

ವಿರೋಧ

ಆ ಹುಡುಗಿಯ ಕಷ್ಟ ನಿಜ. ಆದರೆ ಇದ್ದ ಸ್ನಾತಕೋತ್ತರ ಕೇಂದ್ರದ ಬೋರ್ಡು ಬದಲಾಯಿಸಿದರೆ ಅವಳಿಗೆ ಸಿಗುವುದು ಎಂಥ ವಿವಿ?

ಮೈಸೂರನ್ನೇ ನೋಡಿ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಇಲ್ಲಿನ ಓರಿಯೆಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ಕೊಟ್ಟರು. ಲೈಬ್ರರಿಯ ಶಾಮಾಶಾಸ್ತ್ರಿಗಳು ಕೂತು ಬಿಡಿಸಿ ಓದಿದರೆ, ಅದು ಕೌಟಿಲ್ಯನ ಅರ್ಥಶಾಸ್ತ್ರ! ಆ ಲೈಬ್ರರಿ ಆಮೇಲೆ ವಿವಿಯ ಪಾಲಿಗೆ ಬಂತು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದರು. ಅದರ ಹೆಸರು 'ಆಕಾಶವಾಣಿ'. ಕುವೆಂಪು ಇಲ್ಲೇ ಓದಿ, ಇಲ್ಲೇ ಪಾಠ ಹೇಳಿ, ಕುಲಪತಿಯಾಗಿ ವಿವಿಯ ಆವರಣ ಮಾನಸಗಂಗೋತ್ರಿ ಕಟ್ಟಿದರು. ಆರ್.ಕೆ. ನಾರಾಯಣ್, ಅನಂತಮೂರ್ತಿ, ಸಿ.ಎನ್.ಆರ್. ರಾವ್ ಎಲ್ಲ ಈ ವಿವಿಯಲ್ಲಿ ಓದಿದವರೇ. ಅಲ್ಲಿನ ಜಯಲಕ್ಷ್ಮಿ ವಿಲಾಸ ಬಂಗಲೆಯ ಜಾನಪದ ಮ್ಯೂಸಿಯಂ ಕೂಡಿಸಿಟ್ಟ ತೊಗಲುಗೊಂಬೆ, ಯಕ್ಷಗಾನದ ಕಿರೀಟಗಳನ್ನು ನೆನೆಯಿರಿ. ಇಂಥದ್ದು ಕೂಡಿಬರಲು ಎಷ್ಟು ಜನರ ಆಯಸ್ಸು ಬೇಕು ಅಂತ ಗೊತ್ತಾಗುತ್ತದೆ. ಇರುವ ದುಡ್ಡನ್ನು ಹೊಸ ಕುಲಪತಿ, ಹೊಸ ಕುಲಸಚಿವ, ಹೊಸ ಕಾರು ಅಂತ ಹಂಚಿಬಿಟ್ಟರೆ ಕಾಯಂ ಮೇಷ್ಟ್ರಿಗೆ, ಪುಸ್ತಕಕ್ಕೆ ಏನುಳಿಯುತ್ತದೆ? ಬಡವರ ಮಕ್ಕಳಿಗೆ ಬಡ ವಿವಿ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಅಂಕಪಟ್ಟಿಯ ಕೆಲಸ ಫೋನಿನಲ್ಲೇ ಮುಗಿಯಬಹುದು, ಅಲ್ವಾ? ದೂರದ ತೊಂದರೆಗೆ ಮೈಸೂರು ಹಿಂದೆಯೇ ಒಂದು ದಾರಿ ಹುಡುಕಿತ್ತು. ಪ್ರಚಾರೋಪನ್ಯಾಸ ಅಂತ ಮೇಷ್ಟ್ರುಗಳೇ ಹಳ್ಳಿಗೆ ಹೋಗಿ ಕನ್ನಡದಲ್ಲಿ ಪಾಠ ಹೇಳುತ್ತಿದ್ದರು. ಆಮೇಲೆ ಆ ಪಾಠ ಚಿಕ್ಕ ಪುಸ್ತಕವಾಗಿ ಕಡಿಮೆ ಬೆಲೆಗೆ ಸಿಗುತ್ತಿತ್ತು. ಹಾಸನದ ಹೇಮಗಂಗೋತ್ರಿ ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿಯೇ ಬೆಳೆದದ್ದು. ಅಂಥ ಕೇಂದ್ರಗಳಿಗೆ ಕಾಯಂ ಮೇಷ್ಟ್ರನ್ನು ಕೊಡಿ, ಲೈಬ್ರರಿ ತುಂಬಿಸಿ. ಬೆಟ್ಟದ ಹುಡುಗಿಗೆ ಹಾಸ್ಟೆಲ್ಲಿನಲ್ಲಿ ಒಂದು ಮಂಚ, ಎರಡು ಹೊತ್ತಿನ ಊಟ ಪುಕ್ಕಟೆ ಕೊಡಿ.