ಮೇಲಿನ ಹಲಗೆಯ ಪೈಪೋಟಿ

ಸೌನಾದಲ್ಲಿ ಮಾಡಬೇಕಾದ ಕೆಲಸ ಒಂದೇ, ಸುಮ್ಮನೆ ಕೂರುವುದು. ನಮ್ಮ ಮನೆಮಂದಿಗೆ ಕೈಲಾಗದ ಕೆಲಸವೂ ಅದೊಂದೇ.

ಬೆವರಿಳಿಸಲೆಂದೇ ಕಾಯಿಸಿದ ಮರದ ಪುಟ್ಟ ಕೋಣೆ, ಒಂದು ಹೀಟರ್, ಅದರ ಮೇಲೆ ಕಲ್ಲುಗಳು, ಕೂರಲು ಕೆಳಗೊಂದು ಮೇಲೊಂದು ಹಲಗೆ. ಇಷ್ಟರಲ್ಲಿ ಏನು ಎಡವಟ್ಟಾಗುತ್ತದೆ ಅಂತ ನೀವು ಕೇಳಬಹುದು. ನೀವಿನ್ನೂ ನಮ್ಮ ಭಾವನನ್ನು ನೋಡಿಲ್ಲ.

ಗೋಡೆಯ ಥರ್ಮಾಮೀಟರ್ 80 ಡಿಗ್ರಿ ತೋರಿಸುತ್ತಿತ್ತು. ಅಷ್ಟು ಬಿಸಿ ನೀರಿಗೆ ಬೆರಳು ಅದ್ದಿದರೆ ಬೊಬ್ಬೆ ಏಳುತ್ತದೆ. ಒಣ ಗಾಳಿಯಾದರೆ ಸ್ವಲ್ಪ ಹೊತ್ತು ತಡೆಯಬಹುದು. ಗಾಳಿ ಶಾಖವನ್ನು ನಿಧಾನವಾಗಿ ದಾಟಿಸುತ್ತದೆ, ಬೆವರು ಆರುತ್ತಾ ಮೈ ತಣಿಸುತ್ತದೆ. ಇಷ್ಟು ಕೇಳಿದ್ದೇ ತಡ, ಭಾವ ಮೇಲಿನ ಹಲಗೆ ಹತ್ತಿದರು. "ಬಿಸಿಯೆಲ್ಲ ಮೇಲೇ ಇರುತ್ತೆ ಭಾವ, ಮೊದಲು ಕೆಳಗೆ ಕೂತ್ಕೊಳ್ಳಿ" ಅಂದರೆ, "ಕೆಳಗಡೆ ಮಕ್ಕಳು ಕೂರೋದು" ಅಂದರು. ಕೊರಳ ಸರ ತೆಗೆದಿಡಿ ಅಂದದ್ದಕ್ಕೂ ಒಪ್ಪಲಿಲ್ಲ. ಕಳೆದುಹೋದರೆ? ಸ್ವಲ್ಪ ಹೊತ್ತಿಗೆ ಸರ ಕಾದು, ಎರಡು ಬೆರಳಲ್ಲಿ ಅದನ್ನು ಎದೆಯಿಂದ ದೂರ ಹಿಡಿದುಕೊಂಡು ಕೂತರು.

ಆಮೇಲೆ ನೀರಿನ ಸರದಿ. ಕಲ್ಲಿನ ಮೇಲೆ ಒಂದು ಸೌಟು, ಅದೂ ಪಕ್ಕಕ್ಕೆ ನಿಂತು ನಿಧಾನವಾಗಿ ಹಾಕಿದರೆ ಸಾಕು. ಭಾವನದು ಸೌಟಿನ ಲೆಕ್ಕವಲ್ಲ. ಬಕೆಟ್ಟನ್ನೇ ಬಗ್ಗಿಸಿಬಿಟ್ಟರು. ಹಬೆ ಚಾವಣಿಗೆ ಏರಿತು, ಚಾವಣಿಯ ಕೆಳಗೆ ಇದ್ದವರು ಅವರೇ. ಹಬೆ ಮೈಗೆ ತಾಗಿ ನೀರಾಗುವಾಗ ತನ್ನ ಶಾಖವನ್ನೆಲ್ಲ ಚರ್ಮಕ್ಕೆ ಒಪ್ಪಿಸುತ್ತದೆ. ಥರ್ಮಾಮೀಟರಿನ ಮುಳ್ಳು ಅಲ್ಲಾಡಲಿಲ್ಲ, ಭಾವ ಅಲ್ಲಾಡಿದರು.

ನಮ್ಮ ಯಜಮಾನರು ಟೈಮ್ ನೋಡಲು ಫೋನ್ ಒಳಗೆ ಒಯ್ದಿದ್ದರು. ಬಿಸಿ ಜಾಸ್ತಿಯಾಯಿತು ಅಂತ ಎಚ್ಚರಿಸಿ ಅದು ಆಫ್ ಆಯಿತು. ಸಾಕು ಅನ್ನಿಸಿದಾಗ ಸಾಕು ಅಂದದ್ದು ಆ ಕೋಣೆಯಲ್ಲಿ ಅದೊಂದೇ. ಹತ್ತು ಹದಿನೈದು ನಿಮಿಷಕ್ಕೆ ಏಳಬೇಕು, ತಲೆ ಸುತ್ತಿದರೆ ಅದಕ್ಕೂ ಮೊದಲೇ. ಆದರೆ ಇವರು ಏಳಲಿ ಅಂತ ಅವರು, ಅವರು ಏಳಲಿ ಅಂತ ಇವರು. ಫಿನ್‌ಲೆಂಡಿನ ಹೈನೋಲಾದಲ್ಲಿ ಇಂಥದ್ದಕ್ಕೇ ವಿಶ್ವ ಸ್ಪರ್ಧೆ ನಡೆಯುತ್ತಿತ್ತು, 110 ಡಿಗ್ರಿಯಲ್ಲಿ. 2010ರ ಫೈನಲ್‌ನಲ್ಲಿ ಒಬ್ಬರು ಸತ್ತ ಮೇಲೆ ನಿಂತುಹೋಯಿತು. ಅದನ್ನು ಹೇಳಿದೆ. ಇಬ್ಬರೂ "ಓಹೋ" ಅಂದರು, ಇಬ್ಬರೂ ಏಳಲಿಲ್ಲ.

ಎಬ್ಬಿಸಿದ್ದು ಅಕ್ಕ. ಇಷ್ಟು ಶಾಖ ಸುಮ್ನೆ ಹಾಳಾಗ್ತಿದೆಯಲ್ಲ ಅಂತ ಒದ್ದೆ ಟವೆಲನ್ನು ಹೀಟರಿನ ಮೇಲೆ ಹರಡಿದ್ದಳು. ಸುಟ್ಟ ವಾಸನೆ ಬಂತು. ಇದು ಮಾತ್ರ ನಗುವ ವಿಷಯವಲ್ಲ. ಸೌನಾಕ್ಕೆ ಬೆಂಕಿ ಬೀಳುವುದು ಹೀಗೇ, ಹೀಟರಿನ ಮೇಲೆ ಬಟ್ಟೆ ಒಣಹಾಕಿ ಅಥವಾ ಕೋಣೆಯನ್ನು ಸ್ಟೋರ್ ರೂಮ್ ಮಾಡಿಕೊಂಡು.

ವಾಸನೆ ಬಂದದ್ದೇ ಯಜಮಾನರು ದಡಕ್ಕನೆ ಎದ್ದರು. ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗಿರುತ್ತವೆ. ತಟ್ಟನೆ ನಿಂತರೆ ರಕ್ತ ಕಾಲಿಗೆ ಇಳಿದು ಬಿ.ಪಿ. ಕುಸಿಯುತ್ತದೆ. ಕಣ್ಣು ಕತ್ತಲೆ ಬಂದು ಬಾಗಿಲಿಗೆ ಒರಗಿದರು. ಸೌನಾದ ಬಾಗಿಲಿಗೆ ಚಿಲಕ ಇರಬಾರದು, ಹೊರಕ್ಕೆ ತೆರೆಯಬೇಕು ಅನ್ನುವುದು ಇದಕ್ಕೇ. ಬಾಗಿಲು ತೆರೆದುಕೊಂಡಿತು, ಇವರು ಹೊರಗೆ ಬಂದು ನೆಲದ ಮೇಲೆ ಕೂತರು. ಕಾಲು ಇಳಿಬಿಟ್ಟು ಎರಡು ನಿಮಿಷ ಕೂತು ಎದ್ದಿದ್ದರೆ ಇಷ್ಟು ಮರ್ಯಾದೆ ಹೋಗುತ್ತಿರಲಿಲ್ಲ.

ಭಾವ ಅಷ್ಟರಲ್ಲಿ ಐಸ್ ಹುಡುಕುತ್ತಿದ್ದರು. ವಿಡಿಯೋದಲ್ಲಿ ಯಾರೋ ಹಿಮದ ನೀರಿಗೆ ಹಾರಿದ್ದರಂತೆ. ಅಭ್ಯಾಸ ಇಲ್ಲದವರಿಗೆ ಅದು ತಮಾಷೆಯಲ್ಲ. ಹಿಗ್ಗಿದ ರಕ್ತನಾಳ ಒಮ್ಮೆಲೇ ಕುಗ್ಗಿ ಬಿ.ಪಿ. ಜಿಗಿಯುತ್ತದೆ, ಎದೆ ಬಡಿತ ಏರುತ್ತದೆ, ಉಸಿರು ಹಿಡಿದಂತಾಗುತ್ತದೆ. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಸೌನಾದ ಹತ್ತಿರವೂ ಹೋಗಬಾರದು. ಕುಡಿದವರಂತೂ ಬೇಡವೇ ಬೇಡ. ಅಕ್ಕ ಐಸ್ ಟ್ರೇ ಕಸಿದುಕೊಂಡಳು. ಗಾಳಿಯಲ್ಲಿ ಕೂರಿಸಿ, ಎರಡು ಲೋಟ ನೀರು ಕುಡಿಸಿ, ಉಗುರುಬೆಚ್ಚಗಿನ ಶವರಿಗೆ ಕಳಿಸಿ, ನಿಧಾನವಾಗಿ ತಣ್ಣಗೆ ಮಾಡಿಕೊಳ್ಳಿ ಅಂದಳು.

ಸ್ನಾನ ಆದ ಮೇಲೂ ಮೈ ಒಳಗೆ ಬಿಸಿಯಾಗಿಯೇ ಇರುತ್ತದೆ, ಬೆವರು ನಿಲ್ಲುವುದಿಲ್ಲ. ಟವೆಲ್ ಸುತ್ತಿಕೊಂಡು ಇನ್ನೂ ಸ್ವಲ್ಪ ಕಾಯಬೇಕು. ಭಾವನಿಗೆಲ್ಲಿ ತಾಳ್ಮೆ! ಇಸ್ತ್ರಿ ಶರ್ಟ್ ಹಾಕಿದರು, ಒದ್ದೆಯಾಯಿತು. ಇನ್ನೊಂದು ಹಾಕಿದರು, ಅದೂ ಹೋಯಿತು. ಮೂರನೆಯದು ಯಜಮಾನರ ಶರ್ಟ್. ಅದನ್ನಿನ್ನೂ ವಾಪಸ್ ಕೊಟ್ಟಿಲ್ಲ.